ಪಾರ್, ಕುದ್ರು, ದಿವಿ: ಉಡುಪಿ ಕರಾವಳಿಯ ಕಡಲಯಾನ ಮತ್ತು ದ್ವೀಪವಾಸ

ಪಶ್ಚಿಮ ಘಟ್ಟದ ತಪ್ಪಲಲ್ಲಿ ಹುಟ್ಟಿ, ಕಾರ್ಕಳ ಸೀಮೆಯ ಕಾಡು ಗದ್ದೆಗಳನ್ನು ಹಾದು, ಮಣಿಪಾಲದ ಮುರಕಲ್ಲಿನ ದಿಬ್ಬವನ್ನು ಬಳಸಿಕೊಂಡು ಪಡುವಣಕ್ಕೆ ಹರಿಯುವ ಸುವರ್ಣಾ ನದಿ, ಕಲ್ಯಾಣಪುರವನ್ನು ದಾಟಿದ ಮೇಲೆ ವೇಗ ಕಳೆದುಕೊಂಡು ಕವಲೊಡೆಯುತ್ತದೆ. ಆ ಕವಲುಗಳ ನಡುವೆ ತೆಂಗಿನ ತೋಟಗಳೂ ಮನೆಗಳೂ ಇರುವ ನಡುಗಡ್ಡೆಗಳನ್ನು ಉಳಿಸಿ, ಕೋಡಿಬೆಂಗ್ರೆಯ ಅಳಿವೆಯಲ್ಲಿ ಸೀತಾ ನದಿಯೊಡನೆ ಕೂಡಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ಸೀಮೆಯ ಜನರು ನೀರಿನಿಂದ ಸುತ್ತುವರಿದ ನೆಲವನ್ನು ಒಂದೇ ಹೆಸರಿನಿಂದ ಕರೆದವರಲ್ಲ. ಕಡಲ ನಡುವೆ ಎದ್ದು ನಿಂತ ಬಂಡೆಯ ದ್ವೀಪ ಅವರಿಗೆ 'ಪಾರ್'. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಿಗೆ ಹಳೆಯ ಹೆಸರು ತೋನ್ಸೆಪಾರ್. ನದಿ ತಂದ ಮಣ್ಣಿನಿಂದ ಬೆಳೆದ ನಡುಗಡ್ಡೆ 'ಕುದ್ರು'. ಕೆಮ್ಮಣ್ಣಿನ ಬಳಿಯ ತಿಮ್ಮಣ್ಣಕುದ್ರು, ಕುಂದಾಪುರದ ಉಪ್ಪಿನಕುದ್ರು, ಹೇರಿಕುದ್ರುಗಳು ಈ ಬಗೆಯವು. ದೂರದ ಆಳಗಡಲಿನಲ್ಲಿರುವ ಜನವಸತಿಯ ದ್ವೀಪಗಳ ಹೆಸರಿನ ಕೊನೆಯಲ್ಲಿ ಉಳಿದಿರುವುದು 'ದಿವಿ', ಅಂದರೆ ದ್ವೀಪ ಎಂಬ ಶಬ್ದದ ಸವೆದ ರೂಪ. ಲಕ್ಷದ್ವೀಪ ಸಮೂಹದ ಅಮಿನಿದಿವಿಗಳು ಇದಕ್ಕೆ ಉದಾಹರಣೆ.

ಈ ಮೂರು ಹೆಸರುಗಳ ಹಿಂದೆ ಮೂರು ಬಗೆಯ ಮಾನವ ಇತಿಹಾಸವಿದೆ. ಪಾರ್ ಕಡಲಿಗರಿಗೆ ಗುರುತಾಯಿತು, ಮನೆಯಾಗಲಿಲ್ಲ. ಕುದ್ರು ಮನೆಯಾಯಿತು, ಬೇಸಾಯದ ನೆಲವೂ ಆಯಿತು. ದಿವಿಯಲ್ಲಿ ಜನ ನೆಲೆಸಿದರು, ಆದರೆ ತೀರದಿಂದ ಬರುವ ಅಕ್ಕಿಯ ಆಸರೆಯಿಲ್ಲದೆ ಬಾಳಲಾರದೆ ಹೋದರು. ಮನುಷ್ಯನು ದ್ವೀಪವನ್ನು ತಲುಪುವುದು ಒಂದು ಸಾಧನೆ, ಅಲ್ಲಿ ಉಳಿಯುವುದು ಬೇರೆಯೇ ಸಾಧನೆ ಎಂಬ ಮಾತನ್ನು ಇಂದು ಜಗತ್ತಿನ ದ್ವೀಪ ಪುರಾತತ್ತ್ವ ಒಪ್ಪಿಕೊಂಡಿದೆ; ಕಾಪುವಿನಿಂದ ಕುಂದಾಪುರದವರೆಗಿನ ಈ ಸಣ್ಣ ತೀರದಲ್ಲಿ ಅದೇ ಮಾತನ್ನು ಒಂದು ದಿನದ ದೋಣಿಯಾನದ ಅಳತೆಯಲ್ಲಿ ಕಾಣಬಹುದು.

ಬಂಡೆಯ ವಯಸ್ಸು, ಕಡಲಿನ ಮಟ್ಟ

ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ತೆಂಕು ಬಡಗಾಗಿ ಸಾಲುಗಟ್ಟಿರುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ನಾಲ್ಕು ಮುಖ್ಯವಾದವು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದುರ್ ಗಡ ಮತ್ತು ದಕ್ಷಿಣ ದ್ವೀಪ. ಇವುಗಳ ಕಂಬದಂತಹ ಬಂಡೆಗಳು ಕರಗಿದ ಲಾವಾ ಆರುವಾಗ ಕುಗ್ಗಿ, ಜೇನುಗೂಡಿನ ಕೋಣೆಗಳಂತೆ ಬಹುಭುಜಾಕೃತಿಯಲ್ಲಿ ಬಿರುಕುಬಿಟ್ಟು ಉಂಟಾದವು. ಈ ಶಿಲೆಯ ವಯಸ್ಸನ್ನು ಭೂವಿಜ್ಞಾನಿಗಳು ಸುಮಾರು 8.5ರಿಂದ 9 ಕೋಟಿ ವರ್ಷಗಳೆಂದು ಅಳೆದಿದ್ದಾರೆ. ಭಾರತದ ಭೂಭಾಗವೂ ಮಡಗಾಸ್ಕರವೂ ಒಂದನ್ನೊಂದು ಬಿಟ್ಟು ಸರಿದ ಕಾಲ ಅದು. ಈ ಕಂಬಶಿಲೆಗಳಿಗಾಗಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಈ ದ್ವೀಪಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಸೇರಿಸಿದೆ.

ಬಂಡೆ ಅಷ್ಟು ಹಳೆಯದಾದರೂ ಅದು ದ್ವೀಪವಾದದ್ದು ಇತ್ತೀಚೆಗೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ, ಜಗತ್ತಿನ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕರ್ನಾಟಕದ ತೀರದಲ್ಲಿ ಸಮುದ್ರದ ತಳ ನಿಧಾನವಾಗಿ ಇಳಿಯುವುದರಿಂದ ಆಗಿನ ದಡ ಇಂದಿನ ದಡಕ್ಕಿಂತ ಹಲವು ಹತ್ತು ಕಿಲೋಮೀಟರ್ ಪಡುವಣಕ್ಕಿತ್ತು. ತೋನ್ಸೆಪಾರ್ ಆಗ ಬಯಲಿನ ನಡುವಿನ ಕಲ್ಲುಗುಡ್ಡಗಳ ಸಾಲಾಗಿತ್ತು. ಹಿಮ ಕರಗಿ ನೀರು ಏರುತ್ತ ಬಂದು, ಸುಮಾರು 7,000 ವರ್ಷಗಳ ಹಿಂದೆ ಕಡಲು ಇಂದಿನ ಮಟ್ಟದ ಸಮೀಪಕ್ಕೆ ಬಂದಿತು. ಆದ್ದರಿಂದ ಈ ತೀರದ ಶಿಲಾಯುಗದ ಜನರು ಕಡಲಂಚಿನಲ್ಲಿ ಬಿಟ್ಟುಹೋದ ಕುರುಹುಗಳ ಬಹುಭಾಗ ಇಂದು ನೀರಿನ ಅಡಿಯ ಹೂಳಿನಲ್ಲಿರಬೇಕಾದುದು ಸಹಜ. ನೆಲದ ಮೇಲೆ ಹುಡುಕಿ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲಿ ಜನರಿರಲಿಲ್ಲವೆಂದು ಹೇಳಲಾಗದು.

ತೋನ್ಸೆಪಾರಿನಲ್ಲಿ ಊರು ಬೆಳೆಯದಿದ್ದುದಕ್ಕೆ ಕಾರಣ ದೂರವಲ್ಲ, ನೆಲದ ಗುಣ. ವರ್ಷವಿಡೀ ಹರಿಯುವ ತೊರೆಯಾಗಲಿ, ಗದ್ದೆ ಮಾಡುವಷ್ಟು ಮಣ್ಣಾಗಲಿ ಈ ಪುಟ್ಟ ಬಂಡೆಗಳ ಮೇಲಿಲ್ಲ. ಮುಂಗಾರಿನ ನಾಲ್ಕು ತಿಂಗಳು ದೋಣಿ ತಾಗಿಸುವುದೂ ಕಷ್ಟ. ಆದರೆ ಮನೆಯಾಗದ ಬಂಡೆ ಕಡಲಿಗನಿಗೆ ನಿರುಪಯುಕ್ತವಲ್ಲ. ಹಾಯಿಹಡಗಿನ ಕಾಲದಲ್ಲಿ ಪಡುವಣದಿಂದ ಬರುವವನಿಗೆ ಮೊದಲು ಕಾಣುತ್ತಿದ್ದುದು ಕಾರ್ಕಳದಾಚೆಯ ಘಟ್ಟಸಾಲಿನಲ್ಲಿ 1,890 ಮೀಟರಿಗೂ ಹೆಚ್ಚು ಎತ್ತರಕ್ಕೆ ನಿಂತ ಕುದುರೆಮುಖ ಶಿಖರ. ಆಕಾಶ ತಿಳಿಯಾಗಿದ್ದರೆ ದಡ ಇನ್ನೂ ಹಲವು ಹತ್ತು ಕಿಲೋಮೀಟರ್ ದೂರವಿರುವಾಗಲೇ ಅದರ ತಲೆ ಕಾಣಬಲ್ಲದು. ಆಮೇಲೆ ತೆಂಗಿನ ಸಾಲು, ಆಮೇಲೆ ಪಾರ್, ಅದರ ಒಳಬದಿಯಲ್ಲಿ ತೆರೆ ತಗ್ಗಿದ ನೀರು, ಕೊನೆಗೆ ಅಳಿವೆ. ಇಂತಹ ಗುರುತುಗಳ ಸರಣಿಯೇ ಕಡಲಿಗನ ನಕ್ಷೆಯಾಗಿತ್ತು. ಕಾಪುವಿನ ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ದೀಪಸ್ತಂಭ ಎದ್ದದ್ದೂ ಇದೇ ಸರಣಿಯ ಮುಂದುವರಿಕೆ: ಹಗಲಿನ ಗುರುತಿಗೆ ಇರುಳಿನಲ್ಲಿ ದೀಪ ಹಚ್ಚಿದಂತೆ.

ಜಗತ್ತಿನ ದ್ವೀಪಗಳಿಗೆ ಮನುಷ್ಯನ ದಾರಿ

ಉಡುಪಿಯ ತೀರದ ಕಥೆಯನ್ನು ಅದರ ಅಳತೆಯಲ್ಲಿ ನೋಡಬೇಕಾದರೆ ಜಗತ್ತಿನ ದೊಡ್ಡ ಕಥೆಯನ್ನು ಸ್ವಲ್ಪ ನೆನೆಯಬೇಕು. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪ ಹಿಮಯುಗದಲ್ಲಿಯೂ ನೀರಿನಿಂದ ಸುತ್ತುವರಿದಿತ್ತು. ಅಲ್ಲಿ ಸುಮಾರು 10 ಲಕ್ಷ ವರ್ಷ ಹಳೆಯ ಕಲ್ಲಿನ ಉಪಕರಣಗಳು ದೊರೆತಿರುವುದು, ಇಂದಿನ ಮನುಷ್ಯಜಾತಿ ಹುಟ್ಟುವುದಕ್ಕೂ ಮೊದಲೇ ಯಾವುದೋ ಮಾನವ ಬಳಗ ನೀರನ್ನು ದಾಟಿತ್ತೆಂಬುದಕ್ಕೆ ಸಾಕ್ಷಿ. ಆಸ್ಟ್ರೇಲಿಯಾಕ್ಕೆ ಮನುಷ್ಯ ಕಾಲಿಟ್ಟದ್ದು ಕನಿಷ್ಠ 50,000 ವರ್ಷಗಳ ಹಿಂದೆ. ಅಲ್ಲಿಯ ಮಜೆದ್‌ಬೆಬೆ ಕಲ್ಲಾಸರೆಯ ಕೆಳಪದರಗಳಿಗೆ ಕೆಲವು ವಿದ್ವಾಂಸರು 65,000 ವರ್ಷಗಳ ವಯಸ್ಸನ್ನು ಹೇಳುತ್ತಾರೆ. ಶಾಂತಸಾಗರದ ವಿಶಾಲ ಹರವಿಗೆ ಲಪಿಟ ಎಂದು ಹೆಸರಾದ ಚಿತ್ತಾರದ ಮಡಕೆಗಳನ್ನು ಮಾಡುತ್ತಿದ್ದ ಜನರು ಸುಮಾರು 3,000 ವರ್ಷಗಳ ಹಿಂದೆ ಹಬ್ಬಿದರು. ಅವರ ಸಂತತಿ ನ್ಯೂಜಿಲೆಂಡಿಗೆ ತಲುಪಿದ್ದು ಕ್ರಿಸ್ತಶಕ 13ನೆಯ ಶತಮಾನದ ಸುಮಾರಿಗೆ. ಶಾಂತಸಾಗರದ ಈ ವಲಸಿಗರು ಹಲವು ದ್ವೀಪಗಳಿಗೆ ತಮ್ಮೊಡನೆ ಗಡ್ಡೆಗೆಣಸು, ಕೋಳಿ, ಹಂದಿಗಳನ್ನು ಒಯ್ದರು. ಬರಿಯ ನಾವಿಕರಾಗಿ ಹೋಗಿದ್ದರೆ ಅವರು ಆ ದ್ವೀಪಗಳನ್ನು ಕಾಣುತ್ತಿದ್ದರೇ ಹೊರತು ಅಲ್ಲಿ ಉಳಿಯುತ್ತಿರಲಿಲ್ಲ.

ಈ ಕಥೆಯಲ್ಲಿ ಉಡುಪಿಗೆ ಅತಿ ಹತ್ತಿರದ ಪ್ರಸಂಗ ಮಡಗಾಸ್ಕರದ್ದು. ಶಿಲೆಯ ಇತಿಹಾಸದಲ್ಲಿ ತೋನ್ಸೆಪಾರಿನ ನೆರೆಯೂರಾಗಿದ್ದ ಆ ದೊಡ್ಡ ದ್ವೀಪದ ಜನರಾಡುವ ಮಲಗಾಸಿ ಭಾಷೆ ಆಫ್ರಿಕಾದ ಮೂಲದ್ದಲ್ಲ. ಅದರ ಹತ್ತಿರದ ಬಂಧುಗಳು ಬೋರ್ನಿಯೊ ದ್ವೀಪದ ಬರಿಟೊ ನದಿಯ ದಂಡೆಯಲ್ಲಿವೆ. ಕ್ರಿಸ್ತಶಕದ ಮೊದಲ ಸಾವಿರ ವರ್ಷಗಳಲ್ಲಿ ಇಡೀ ಹಿಂದೂ ಮಹಾಸಾಗರವನ್ನು ದಾಟಿ ಬಂದ ಜನರ ನೆನಪು ಆ ನುಡಿಯಲ್ಲಿ ಉಳಿದಿದೆ. ಮಡಗಾಸ್ಕರ ಮತ್ತು ಕೊಮೊರೊ ದ್ವೀಪಗಳ 8ರಿಂದ 10ನೆಯ ಶತಮಾನದ ನೆಲೆಗಳಲ್ಲಿ ದೊರೆತ ಸುಟ್ಟು ಕರಕಾದ ಅಕ್ಕಿ ಮತ್ತು ಹೆಸರುಕಾಳುಗಳು ಏಷ್ಯಾದ ಬೆಳೆಗಳು ಆ ಹಾದಿಯಲ್ಲಿ ನಡೆದುಬಂದುದನ್ನು ತೋರಿಸಿವೆ. ತೆಂಗಿನ ವಂಶವಾಹಿಗಳ ಅಧ್ಯಯನವೂ ಇದೇ ಕಡೆಗೆ ಬೊಟ್ಟುಮಾಡುತ್ತದೆ: ಶಾಂತಸಾಗರದ ತೆಂಗು ಮತ್ತು ಹಿಂದೂ ಮಹಾಸಾಗರದ ತೆಂಗು ಎಂಬ ಎರಡು ವಂಶಗಳಿದ್ದು, ಮಡಗಾಸ್ಕರದ ಕಡೆಯಲ್ಲಿ ಇವೆರಡೂ ಬೆರೆತಿವೆ. ಬೀಜ ತೇಲಿ ಹೋಗಬಲ್ಲದಾದರೂ ಬೆರಕೆಯ ಈ ಚಿತ್ರ ಮನುಷ್ಯನ ಕೈಯನ್ನೇ ಹೇಳುತ್ತದೆ.

ನಾರಿನಿಂದ ಹೊಲಿದ ಹಡಗು

ಈ ತೀರದಲ್ಲಿ ತೆಂಗು ಆಹಾರ ಮಾತ್ರವಲ್ಲ, ಹಡಗಿನ ಅಂಗವೂ ಆಗಿತ್ತು. ಹಿಂದೂ ಮಹಾಸಾಗರದ ಪಶ್ಚಿಮಾರ್ಧದಲ್ಲಿ ಹಡಗಿನ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜೋಡಿಸುವ ಬದಲು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹಲಗೆಯ ಅಂಚುಗಳಲ್ಲಿ ತೂತು ಕೊರೆದು, ಹುರಿಯನ್ನು ಬಿಗಿಯಾಗಿ ಪೋಣಿಸಿ, ಸಂದುಗಳಿಗೆ ನಾರು ತುಂಬಿ, ಮೇಲೆ ಮೀನೆಣ್ಣೆ ಬಳಿಯುವುದು ಅದರ ಕ್ರಮ. 14ನೆಯ ಶತಮಾನದಲ್ಲಿ ಈ ಹಡಗುಗಳಲ್ಲಿ ಓಡಾಡಿದ ಇಬ್ನ್ ಬತೂತ ಇದರ ಕಾರಣವನ್ನು ದಾಖಲಿಸಿದ್ದಾನೆ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಅಳಿವೆಯ ಮರಳುದಿಬ್ಬವನ್ನು ದಿನವೂ ಉಜ್ಜಿಕೊಂಡು ಹೋಗಬೇಕಾದ ತೀರಕ್ಕೆ ಇದಕ್ಕಿಂತ ತಕ್ಕ ತಂತ್ರ ಬೇರೊಂದಿಲ್ಲ. ಅಜಂತೆಯ 5ನೆಯ ಶತಮಾನದ ಚಿತ್ರದ ಹಡಗನ್ನು ಮಾದರಿಯಾಗಿಟ್ಟುಕೊಂಡು, ಇದೇ ಹೊಲಿಗೆಯ ವಿದ್ಯೆಯಿಂದ ಕಟ್ಟಿದ 'ಕೌಂಡಿನ್ಯ' ಎಂಬ ಹಾಯಿಹಡಗನ್ನು ಭಾರತೀಯ ನೌಕಾಪಡೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ಸೇರಿಸಿಕೊಂಡಿತು. ಹಳೆಯ ವಸ್ತುವನ್ನು ಹಳೆಯ ವಿಧಾನದಲ್ಲಿಯೇ ಮತ್ತೆ ಮಾಡಿ ಅದರ ಗುಣವನ್ನು ಅರಿಯುವ ಈ ಕ್ರಮಕ್ಕೆ ಪ್ರಾಯೋಗಿಕ ಪುರಾತತ್ತ್ವವೆಂದು ಹೆಸರು.

ಸಣ್ಣ ದೋಣಿಗಳಲ್ಲಿಯೂ ದೂರದ ಸಂಬಂಧದ ಸುಳಿವಿದೆ. ಕೆನರಾ ಮತ್ತು ಕೊಂಕಣ ತೀರದ ಕೆಲವು ದೋಣಿಗಳ ಒಂದು ಬದಿಗೆ, ಎರಡು ಅಡ್ಡಗಳುಗಳ ತುದಿಯಲ್ಲಿ, ಒಂದು ತೇಲುಮರವನ್ನು ಕಟ್ಟುತ್ತಾರೆ. ಕಿರಿದಾದ ದೋಣಿ ಮಗುಚದಂತೆ ಅದು ಕಾಯುತ್ತದೆ. ಮದ್ರಾಸ್ ಪ್ರಾಂತದ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥನಾಗಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತೀಯ ದೋಣಿಗಳ ರಚನೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಈ ತೇಲುಮರ ಶಾಂತಸಾಗರದ ದ್ವೀಪವಾಸಿಗಳ ದೋಣಿಗಳ ಬಂಧುವೆಂದು ವಾದಿಸಿದನು. ಆತನ ಎಲ್ಲ ತೀರ್ಮಾನಗಳನ್ನೂ ಇಂದಿನವರು ಒಪ್ಪದಿದ್ದರೂ, ಮೀನುಗಾರನ ದೋಣಿಯನ್ನು ಶಾಸನದಷ್ಟೇ ಗಂಭೀರವಾದ ಆಧಾರವೆಂದು ಓದಿದ ಆ ದೃಷ್ಟಿ ಇಂದಿಗೂ ಬೆಲೆಯುಳ್ಳದ್ದು.

ಗ್ರೀಕರ ಬರಹದಲ್ಲಿ ಪಡುಗಡಲು

ಕ್ರಿಸ್ತಶಕದ ಮೊದಲ ಶತಮಾನದಲ್ಲಿ, ಮುಂಗಾರಿನ ಗಾಳಿಯನ್ನು ಹಿಡಿದು ಕೆಂಪುಸಮುದ್ರದಿಂದ ನೇರವಾಗಿ ಭಾರತಕ್ಕೆ ಬರುವುದು ರೋಮನ್ ಸಾಮ್ರಾಜ್ಯದ ವರ್ತಕರಿಗೆ ವಾಡಿಕೆಯಾಗಿತ್ತು. ಈಜಿಪ್ಟಿನ ಬೆರೆನೈಕ್ ರೇವಿನ ಉತ್ಖನನದಲ್ಲಿ ಭಾರತದ ಮಣ್ಣಿನ ಗುಡಾಣವೊಂದರಲ್ಲಿ 7.5 ಕಿಲೋಗ್ರಾಮ್ ಕರಿಮೆಣಸು ದೊರೆತಿದೆ. ಕೇರಳದ ಪಟ್ಟಣಂ ಎಂಬಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ಮದ್ಯ ಮತ್ತು ಎಣ್ಣೆ ತರುತ್ತಿದ್ದ ಆಂಫೋರಾ ಎಂಬ ಎರಡು ಹಿಡಿಯ ಮಣ್ಣಿನ ಜಾಡಿಗಳ ಚೂರುಗಳೂ ಒಂದು ಮರದ ದೋಣಿಯೂ ಹೊರಬಂದಿವೆ. ಕರ್ನಾಟಕದ ಒಳನಾಡಿನ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ಸಿಕ್ಕಿರುವುದು, ಈ ವ್ಯಾಪಾರ ಘಟ್ಟದ ಮೇಲಕ್ಕೂ ಹಬ್ಬಿತ್ತೆಂಬುದನ್ನು ಹೇಳುತ್ತದೆ. ಸಾಗಿದವರು ಹೊರಗಿನವರು ಮಾತ್ರವಲ್ಲ: ಅರೇಬಿಯಾದ ದಕ್ಷಿಣಕ್ಕಿರುವ ಸೊಕೋತ್ರ ದ್ವೀಪದ ಹೊಕ್ ಗುಹೆಯಲ್ಲಿ ಭಾರತದ ನಾವಿಕರು ಬ್ರಾಹ್ಮಿ ಲಿಪಿಯಲ್ಲಿ ಗೀಚಿದ ಹೆಸರುಗಳು ಹೇರಳವಾಗಿವೆ, ಅವರಲ್ಲಿ ಹಲವರು ಭರೂಚಿನವರು.

ಇದೇ ಕಾಲದ ಗ್ರೀಕ್ ಕಡಲದಾರಿಯ ಕೈಪಿಡಿಯಾದ ಪೆರಿಪ್ಲಸ್, ಮಲಬಾರಿನ ರೇವುಗಳಿಗೆ ಮೊದಲು ಹಲವು ದ್ವೀಪಗಳನ್ನು ಹೆಸರಿಸಿ, ಆ ಭಾಗದಲ್ಲಿ ಕಡಲ್ಗಳ್ಳರಿದ್ದಾರೆಂದು ಎಚ್ಚರಿಸುತ್ತದೆ. ಕೊನೆಯದು 'ಬಿಳಿಯ ದ್ವೀಪ'. ಕಾರವಾರದ ದ್ವೀಪಗಳು, ಮುರುಡೇಶ್ವರದ ಎದುರಿನ ನೇತ್ರಾಣಿ ಮುಂತಾದವುಗಳೊಡನೆ ವಿದ್ವಾಂಸರು ಈ ಹೆಸರುಗಳನ್ನು ಹೊಂದಿಸಲು ಯತ್ನಿಸಿದ್ದಾರೆ. ರೋಮಿನ ಪ್ಲಿನಿ 'ನಿಟ್ರಿಯಾಸ್' ಎಂಬಲ್ಲಿಯ ಕಡಲ್ಗಳ್ಳರನ್ನು ಹೇಳುತ್ತಾನೆ; ಭೂಗೋಳಜ್ಞ ಟಾಲೆಮಿಯ 'ನಿತ್ರ' ಎಂಬ ವ್ಯಾಪಾರಸ್ಥಳವೂ ಇದೇ ಆಗಿದ್ದು, ನೇತ್ರಾವತಿ ನದಿಯ ಹೆಸರಿನೊಡನೆ ಅದನ್ನು ಜೋಡಿಸುವ ಅಭಿಪ್ರಾಯ ಬಹುಕಾಲದಿಂದ ಇದೆ. ಇವೆಲ್ಲದರಲ್ಲಿಯೂ ಒಂದು ಅಂಶ ಸ್ಪಷ್ಟ: ಈ ತೀರದ ದ್ವೀಪಗಳು ಪ್ರಾಚೀನ ನಾವಿಕರ ಕಣ್ಣಿಗೆ ಊರುಗಳಾಗಿ ಅಲ್ಲ, ಗುರುತುಗಳಾಗಿಯೂ ಅಪಾಯದ ತಾಣಗಳಾಗಿಯೂ ಕಂಡವು.

ಉಡುಪಿಗೆ ನೇರವಾಗಿ ಸಂಬಂಧಿಸಿದ ಚರ್ಚೆ ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರದು. ಭಾರತದ ತೀರದಲ್ಲಿ ಸೆರೆಯಾದ ಚಾರಿಶನ್ ಎಂಬ ಗ್ರೀಕ್ ಯುವತಿಯನ್ನು, ಅಲ್ಲಿಯ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ, ಅವಳ ಸೋದರ ಹಡಗಿನಲ್ಲಿ ಪಾರುಮಾಡುವುದು ಅದರ ಕಥೆ. ಅದರಲ್ಲಿ ಭಾರತೀಯ ಪಾತ್ರಗಳಾಡುವ ಮಾತು ಕನ್ನಡವಿರಬಹುದೆಂದು 1904ರಲ್ಲಿ ವಿದ್ವಾಂಸ ಹುಲ್ಶ್ ಸೂಚಿಸಿದನು, ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ದಾರಿಯಲ್ಲಿ ಮುಂದುವರಿದರು. ಲಯೊನೆಲ್ ಬಾರ್ನೆಟ್ ಅದನ್ನು ಒಪ್ಪಲಿಲ್ಲ. ಬಿ. ಎ. ಸಾಲೆತ್ತೂರ್ ಅವರು ಕಥೆಯ ಸ್ಥಳ ಮಲ್ಪೆಯ ಬಳಿಯ ವಡಭಾಂಡೇಶ್ವರವೆಂದರು. ಆ ಹೆಸರಿನಲ್ಲಿ ಅವರು ದೋಣಿ ಎಂಬರ್ಥದ 'ಓಡ' ಮತ್ತು ಸರಕು ಎಂಬರ್ಥದ 'ಭಾಂಡ' ಶಬ್ದಗಳನ್ನು ಕಂಡರು. ಉಡುಪಿಯಲ್ಲಿ ತುಳು ನಿಘಂಟನ್ನು ಸಂಪಾದಿಸಿದ ಯು. ಪಿ. ಉಪಾಧ್ಯಾಯ ಅವರು ಆ ಮಾತು ತುಳುವಾಗಿರಬಹುದೆಂದು ವಾದಿಸಿದರು. ನಾಟಕವೊಂದರ ಮಾತು ಉತ್ಖನನದ ಸಾಕ್ಷಿಗೆ ಸಮನಲ್ಲವಾದರೂ, ಈ ಚರ್ಚೆ ಮಲ್ಪೆಯ ಮರಳಿನ ಕಡೆಗೆ ವಿದ್ವತ್ತಿನ ಗಮನವನ್ನು ತಿರುಗಿಸಿತು. ಹಡಗಿನ ನೆನಪು ಆ ಜಾಗವನ್ನು ಬಿಟ್ಟೂ ಇಲ್ಲ: 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ದ್ವಾರಕೆಯಿಂದ ಬಂದ ಹಡಗಿನ ಗೋಪೀಚಂದನದ ಗಡ್ಡೆಯೊಳಗಿಂದ ಕೃಷ್ಣನ ವಿಗ್ರಹವನ್ನು ಪಡೆದರೆಂದು ಉಡುಪಿಯ ಸಂಪ್ರದಾಯ ಹೇಳುವುದೂ ಇದೇ ತೀರದಲ್ಲಿಯೇ.

ಆಳುಪರ ಮೀನು, ಬಾರಕೂರಿನ ಹಡಗು

ಲಿಖಿತ ಇತಿಹಾಸದಲ್ಲಿ ಈ ತೀರವನ್ನು ದೀರ್ಘಕಾಲ ಆಳಿದವರು ಆಳುಪರು. ಅವರ ಹಳೆಯ ಶಿಲಾಶಾಸನಗಳು ಉಡುಪಿಗೆ ತಾಗಿದ ಉದ್ಯಾವರದಲ್ಲಿಯೂ ಬಾರಕೂರಿನ ಬಳಿಯ ವಡ್ಡರ್ಸೆಯಲ್ಲಿಯೂ ಇವೆ. ಕನ್ನಡದ ಅತಿ ಹಳೆಯ ತಾಮ್ರಶಾಸನವೆಂದು ಗಣನೆಗೆ ಬಂದಿರುವ 8ನೆಯ ಶತಮಾನದ ಶಾಸನ ಕಾರ್ಕಳ ಸೀಮೆಯ ಬೆಳ್ಮಣ್ಣಿನದು. ಅವರ ನಾಣ್ಯಗಳ ಮೇಲಿನ ಲಾಂಛನ ಜೋಡಿಮೀನು. ಅವರ ಪಟ್ಟಣಗಳು ನಿಂತ ಜಾಗಗಳನ್ನು ಗಮನಿಸಿದರೆ ಈ ನಾಡಿನ ಕಡಲಯಾನದ ಸ್ವರೂಪ ತಿಳಿಯುತ್ತದೆ: ಉದ್ಯಾವರವಾಗಲಿ, ಸೀತಾ ನದಿಯ ದಂಡೆಯ ಬಾರಕೂರಾಗಲಿ, ವಾರಾಹಿಯ ದಂಡೆಯ ಬಸ್ರೂರಾಗಲಿ ತೆರೆದ ಕಡಲಿಗೆ ಮುಖಮಾಡಿಲ್ಲ, ಅಳಿವೆಯಿಂದ ಒಳಸರಿದು, ಉಬ್ಬರದ ನೀರು ಹಡಗನ್ನು ಒಳಗೆ ತರುವಷ್ಟು ದೂರದಲ್ಲಿ, ಕುದ್ರುಗಳ ಮರೆಯಲ್ಲಿ ನಿಂತಿವೆ. ಮುಂಗಾರಿನ ಬಿರುಸಿನಿಂದಲೂ ಕಡಲ್ಗಳ್ಳರಿಂದಲೂ ಕಾಪಾಡುವ ಸಹಜ ಕೋಟೆ ಅದು.

ಬಾರಕೂರನ್ನು 1342ರ ಸುಮಾರಿಗೆ ಕಂಡ ಇಬ್ನ್ ಬತೂತ ಅದನ್ನು 'ಫಾಕನೂರ್' ಎಂದು ಕರೆಯುತ್ತಾನೆ. ಗೋವೆಯನ್ನು ಬಿಟ್ಟ ಮೇಲೆ ಅವನು ಮೊದಲು ಒಂದು ಚಿಕ್ಕ ದ್ವೀಪದಲ್ಲಿ ಇಳಿದು, ಅಲ್ಲಿಯ ಗುಡಿಯ ಗೋಡೆಗೆ ಒರಗಿ ಕುಳಿತ ಜೋಗಿಯೊಬ್ಬನನ್ನು ಕಂಡನು; ಅದು ಕಾರವಾರದ ಬಳಿಯ ಅಂಜದೀವವೆಂದು ಗುರುತಿಸುತ್ತಾರೆ. ಹೊನ್ನಾವರ, ಬಸ್ರೂರುಗಳ ಮೂಲಕ ಫಾಕನೂರಿಗೆ ಬಂದಾಗ, ಅಲ್ಲಿಯ ಅರಸ ವಾಸುದೇವನಿಗೆ ಸುಮಾರು 30 ಯುದ್ಧನೌಕೆಗಳಿದ್ದುದನ್ನೂ, ಅವುಗಳ ನಾಯಕ ಲೂಲಾ ಎಂಬ ಮುಸಲ್ಮಾನನಾಗಿದ್ದುದನ್ನೂ, ತೀರದ ಮುಂದೆ ಹಾದುಹೋಗುವ ಪ್ರತಿಯೊಂದು ಹಡಗೂ ಲಂಗರು ಹಾಕಿ 'ಬಂದರಿನ ಹಕ್ಕು' ಎಂಬ ಕಾಣಿಕೆ ಕೊಡಬೇಕಾಗಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ಹಾದುಹೋಗುವ ಹಡಗನ್ನು ಬೆನ್ನಟ್ಟಿ ತಡೆಯಬಲ್ಲ ಪಡೆ ಇದ್ದಲ್ಲಿ ಮಾತ್ರ ಇಂತಹ ಹಕ್ಕು ನಡೆಯುತ್ತದೆ. ಅಂದರೆ ಬಾರಕೂರು ಕೇವಲ ಸರಕು ಏರಿಳಿಸುವ ರೇವಾಗಿರಲಿಲ್ಲ, ಕಡಲಿನ ಮೇಲೆ ಅಧಿಕಾರ ನಡೆಸಿದ ಪಟ್ಟಣವಾಗಿತ್ತು.

ವಾಸುದೇವನ ಪಡೆಗೆ ಲೂಲಾ ನಾಯಕನಾಗಿದ್ದಂತಹ ಈ ಬೆರೆತ ಬದುಕಿನ ನೆನಪನ್ನು ಜನಪದ ತನ್ನದೇ ರೀತಿಯಲ್ಲಿ ಕಾಪಾಡಿದೆ. ಮೀನುಗಾರ ಸಮುದಾಯದ ಮೊಗವೀರರು ಕಡಲ ಕಾವಲಿನ ದೈವವಾಗಿ ನಂಬುವ ಬೊಬ್ಬರ್ಯನು, ಪಾಡ್ದನಗಳೆಂಬ ತುಳು ಜನಪದ ಹಾಡುಗಳ ಪ್ರಕಾರ, ಮುಸ್ಲಿಂ ವರ್ತಕ ತಂದೆಗೂ ಜೈನ ಮನೆತನದ ತಾಯಿಗೂ ಹುಟ್ಟಿದ ಕಡಲ ವ್ಯಾಪಾರಿ. ಹಡಗಿನಲ್ಲಿ ಮಡಿದು ದೈವವಾದವನು. ಜೈನ ಅರಸುಮನೆತನಗಳ ಕೈಯಲ್ಲಿದ್ದ ಒಳನಾಡು, ಅರಬ್ಬೀ ವರ್ತಕರು ಬರುತ್ತಿದ್ದ ರೇವು, ಮೊಗವೀರರ ದೋಣಿ ಎಂಬ ಮೂರೂ ಆ ಕಥೆಯಲ್ಲಿ ಕೂಡಿವೆ. ಒಳನಾಡಿನ ಪಾಲು ಚಿಕ್ಕದಲ್ಲ: 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ ಭೈರರಸರ ಕಳಸ-ಕಾರ್ಕಳ ರಾಜ್ಯ ಘಟ್ಟದ ಮೇಲೂ ಕೆಳಗೂ ಹಬ್ಬಿತ್ತು, ಮಲೆನಾಡಿನ ಮೆಣಸು ತೀರಕ್ಕೆ ಇಳಿಯುತ್ತಿದ್ದ ಕಣಿವೆಗಳು ಇಂತಹ ಅರಸರ ಹಿಡಿತದಲ್ಲಿದ್ದವು.

ಕುದ್ರುಗಳ ನೆಲೆ ಬೆಳೆದದ್ದು ಈ ರೇವುಗಳ ನೆರಳಿನಲ್ಲಿ. ನದಿ ಪ್ರತಿ ಮಳೆಗಾಲದಲ್ಲಿ ತಂದ ಹೂಳಿಗೆ ಒಡ್ಡು ಕಟ್ಟಿ, ಉಬ್ಬರದ ಉಪ್ಪುನೀರು ನುಗ್ಗದಂತೆ ತಡೆದು, ತೆಂಗು ನೆಟ್ಟು, ಮಳೆಯ ನೀರಿನಲ್ಲಿ ಭತ್ತ ಬೆಳೆದ ಜನರು ನೆಲವನ್ನು ಪಡೆದದ್ದಷ್ಟೇ ಅಲ್ಲ, ಕಟ್ಟಿಕೊಂಡರು. ಉಪ್ಪಿನಕುದ್ರು ಎಂಬ ಹೆಸರೇ ಅಲ್ಲಿಯ ಉಪ್ಪಿನ ಕಸುಬನ್ನು ಹೇಳುತ್ತದೆ. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ, ಬಾರಕೂರು ಬಸ್ರೂರುಗಳಿಂದ ಅಕ್ಕಿ ಹೇರಳವಾಗಿ ಹೊರಹೋಗುವುದನ್ನೂ, ಮಲಬಾರಿನವರು ತೆಂಗಿನಕಾಯಿ ಮೊದಲಾದವನ್ನು ತಂದು ಅದನ್ನು ಕೊಳ್ಳುವುದನ್ನೂ ವರ್ಣಿಸಿದ್ದಾನೆ. ಮೆಣಸಿನ ವೈಭವದ ಮುಂದೆ ಮರೆಯಾಗುವ ಈ ಅಕ್ಕಿಯೇ ಕಡಲಿನ ದ್ವೀಪಗಳನ್ನು ಬದುಕಿಸಿದ ಸರಕು.

1498ರ ಕಂಬ ಮತ್ತು ಅನಂತರ

ವಾಸ್ಕೊ ಡ ಗಾಮ ಭಾರತಕ್ಕೆ ಬರುವಾಗ ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದು ಅಲ್ಲಿಂದ ಕಲ್ಲಿಕೋಟೆಗೆ ಹೋದನೆಂಬ ಮಾತು ಜನಪ್ರಿಯವಾಗಿದೆ. ಅವನ ಯಾನದ ದಿನಚರಿ ಹೇಳುವುದು ಬೇರೆ. 1498ರ ಆಗಸ್ಟ್ ಕೊನೆಯಲ್ಲಿ ಕಲ್ಲಿಕೋಟೆಯನ್ನು ಬಿಟ್ಟು ಹಿಂದಿರುಗುವಾಗ, ಸೆಪ್ಟೆಂಬರ್ 15ರಂದು, ದಡದಿಂದ ಸ್ವಲ್ಪ ದೂರದ ದ್ವೀಪಗಳಲ್ಲೊಂದರ ಮೇಲೆ ಅವನ ಜನರು ಕಲ್ಲಿನ ಕಂಬ ನೆಟ್ಟು ಅದಕ್ಕೆ ಸಂತ ಮೇರಿಯ ಹೆಸರಿಟ್ಟರು. ಐದು ದಿನಗಳ ಮೇಲೆ ಅಂಜದೀವವನ್ನು ಸೇರಿದರು. ಪೋರ್ಚುಗಲಿನ ದೊರೆ ಕೊಟ್ಟ ಮೂರು ಕಂಬಗಳಲ್ಲಿ ದ್ವೀಪದಲ್ಲಿ ನೆಟ್ಟ ಆ ಕಂಬ ಒಂದು. ಕಂಬ ನೆಟ್ಟ ಜಾಗದಲ್ಲಿ ಸ್ಥಳೀಯ ದೋಣಿಗಳು ಮೀನು ಮಾರಲು ಹಡಗಿನ ಬಳಿಗೆ ಬಂದುದನ್ನೂ, ಆ ಜನರಿಗೆ ಅಂಗಿಗಳನ್ನು ಉಡುಗೊರೆಯಾಗಿ ಕೊಟ್ಟುದನ್ನೂ ಅದೇ ದಿನಚರಿ ತಿಳಿಸುತ್ತದೆ. ಹೆಸರಿಟ್ಟವರಿಗಿಂತ ಮೊದಲೇ ಆ ನೀರು ಮೀನುಗಾರರ ದಿನನಿತ್ಯದ ಅಂಗಳವಾಗಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಆಮೇಲಿನ ಶತಮಾನಗಳಲ್ಲಿ ದ್ವೀಪಗಳು ಕಾವಲಿನ ತಾಣಗಳಾದವು. 1505ರಲ್ಲಿ ಫ್ರಾನ್ಸಿಸ್ಕೊ ದೆ ಅಲ್ಮೇಡ ಅಂಜದೀವದಲ್ಲಿ ಕೋಟೆ ಕಟ್ಟಿಸಿದನು, ಆದರೆ ಅದನ್ನು ಬೇಗನೆ ಕೈಬಿಡಬೇಕಾಯಿತು. ಹೊನ್ನಾವರದ ಎದುರಿನ ಬಸವರಾಜದುರ್ಗವನ್ನು ಕೆಳದಿಯ ಅರಸರು ಬಲಪಡಿಸಿದರು. ಮಲ್ಪೆಯ ಎದುರಿನ ದರಿಯಾ ಬಹಾದುರ್ ಗಡದ ಕೋಟೆಯನ್ನೂ ಅದೇ ಮನೆತನದ, ಬಿದನೂರಿನ ಬಸಪ್ಪನಾಯಕ ಕಟ್ಟಿಸಿದನೆಂಬುದು ಪ್ರತೀತಿ. ಗೋಡೆ ಎದ್ದರೂ ಅಲ್ಲಿ ಊರು ಹುಟ್ಟಲಿಲ್ಲ. ಪಾರ್ ತನ್ನ ಹಳೆಯ ಗುಣವನ್ನು ಬಿಡಲಿಲ್ಲ.

ದಿವಿಗಳ ನಂಟು

ಲಕ್ಷದ್ವೀಪದ ಹವಳದ ದಿಬ್ಬಗಳು ತೋನ್ಸೆಪಾರಿಗಿಂತ ತಗ್ಗು, ದಡದಿಂದ ಎಷ್ಟೋ ದೂರ. ಆದರೂ ಅಲ್ಲಿ ಜನ ನೆಲೆಸಿದರು. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ಮಸೂರದಾಕಾರದಲ್ಲಿ ತೇಲಿ ನಿಲ್ಲುತ್ತದೆ. ತಗ್ಗಾದ ಬಾವಿ ತೋಡಿದರೆ ಸಿಹಿನೀರು ಸಿಗುತ್ತದೆ. ಮರಳಿನಲ್ಲಿ ತೆಂಗು ಬೆಳೆಯುತ್ತದೆ, ಸುತ್ತಲೂ ಮೀನಿದೆ. ಇಲ್ಲದ್ದು ಅಕ್ಕಿ. ಕಡಮತ್ ದ್ವೀಪದಲ್ಲಿ ರೋಮನ್ ನಾಣ್ಯಗಳೂ, ಆಂದ್ರೋತ್ ದ್ವೀಪದಲ್ಲಿ ಬೌದ್ಧ ಶಿಲ್ಪದ ಅವಶೇಷಗಳೂ ಸಿಕ್ಕಿರುವುದು ಆ ದಾರಿಯ ಹಳಮೆಯನ್ನು ಸೂಚಿಸುತ್ತದೆ.

ಈ ದ್ವೀಪಗಳಲ್ಲಿ ಬಡಗಣ ಗುಂಪಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಗಳು 1787ರಲ್ಲಿ ಕಣ್ಣಾನೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾದ ಭಾಗವಾಗಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದವು. ಅಲ್ಲಿಂದ 1956ರ ನವೆಂಬರ್ 1ರವರೆಗೆ ಅವು ಉಡುಪಿ, ಕಾರ್ಕಳಗಳಂತೆಯೇ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು. ದ್ವೀಪದವರು ಹೊಸೆದ ತೆಂಗಿನ ಹುರಿಯನ್ನು ಸರ್ಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುವ ಏಕಸ್ವಾಮ್ಯ ಪದ್ಧತಿಯಲ್ಲಿ, ಅವರ ಹಾಯಿದೋಣಿಗಳು ಮಳೆಗಾಲ ಕಳೆದ ಮೇಲೆ ಮಂಗಳೂರಿಗೆ ಬಂದು ಮುಂದಿನ ಮಳೆಗೆ ಮೊದಲು ಮನೆ ಸೇರಬೇಕಾಗಿತ್ತು. ಹಡಗನ್ನು ಹೊಲಿಯುವ ಹುರಿ ದಿವಿಯಿಂದ ಬಂದಿತು, ದಿವಿಯವರ ಅನ್ನ ತೀರದಿಂದ ಹೋಯಿತು. ದ್ವೀಪವಾಸವೆಂಬುದು ಒಂಟಿತನವಲ್ಲ, ಎರಡೂ ದಡಗಳ ನಡುವಿನ ಒಪ್ಪಂದ ಎಂಬುದಕ್ಕೆ ಇದು ದಾಖಲೆಯುಳ್ಳ ಉದಾಹರಣೆ.

ಹೂಳಿನಲ್ಲಿರುವ ದಾಖಲೆ

ತುಳುನಾಡಿನ ಪುರಾತತ್ತ್ವಕ್ಕೆ ಭದ್ರವಾದ ತಳಹದಿ ಹಾಕಿದವರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಿ. ಗುರುರಾಜ ಭಟ್ಟರು, 1975ರಲ್ಲಿ ಪ್ರಕಟವಾದ ಅವರ ಬೃಹದ್ಗ್ರಂಥ ಊರೂರು ತಿರುಗಿ ಕಂಡ ಶಾಸನ, ಶಿಲ್ಪ, ದೇವಾಲಯಗಳ ಆಧಾರದ ಮೇಲೆ ನಿಂತಿದೆ. ಅನಂತರದ ಸಂಶೋಧಕರು ಬಂಡೆಯ ಮೇಲಿನ ಕೊರೆಚಿತ್ರಗಳನ್ನೂ, ಮುರಕಲ್ಲಿನಲ್ಲಿ ಕೊರೆದ ಗೋರಿಗಳನ್ನೂ, ಮೂಡುಬಿದಿರೆಯ ಬಳಿಯ ಮೂಡುಕೊಣಾಜೆಯಲ್ಲಿ ಬೃಹತ್‌ಶಿಲಾ ಸಂಸ್ಕೃತಿಯ ಸುಟ್ಟ ಮಣ್ಣಿನ ಗೊಂಬೆಗಳನ್ನೂ ಬೆಳಕಿಗೆ ತಂದರು. ಇವೆಲ್ಲ ನೆಲದ ಮೇಲಿನ ದುಡಿಮೆ. ಕಡಲಯಾನದ ದಾಖಲೆ ಇರುವುದು ನೆಲದ ಮೇಲಲ್ಲ, ಅಳಿವೆಯ ಹೂಳಿನಲ್ಲಿ: ಮುರಿದ ಜಾಡಿ, ಕಲ್ಲಿನ ಲಂಗರು, ಹೊಲಿಗೆಯ ತೂತುಳ್ಳ ಹಲಗೆ ಅಲ್ಲಿಯೇ ಉಳಿಯುತ್ತವೆ, ಏಕೆಂದರೆ ಗಾಳಿ ತಾಗದ ಕೆಸರು ಮರವನ್ನು ಕೊಳೆಯಗೊಡುವುದಿಲ್ಲ. ಪಟ್ಟಣಂನ ದೋಣಿ ಸಿಕ್ಕಿದ್ದು ಅಂತಹ ಕೆಸರಿನಲ್ಲಿ.

ಆದ್ದರಿಂದ ಬಾರಕೂರು, ಬಸ್ರೂರು, ಉದ್ಯಾವರ, ಕಲ್ಯಾಣಪುರಗಳ ಹೊಳೆಬದಿಯೂ ಕುದ್ರುಗಳ ಅಂಚೂ ಈ ನಾಡಿನ ಕಡತಗಳ ಕೋಣೆಗಳೇ ಸರಿ. ಮರಳು ತೆಗೆಯುವಾಗ, ಹೂಳೆತ್ತುವಾಗ, ಸೇತುವೆಗೆ ಅಡಿಪಾಯ ತೋಡುವಾಗ ಆ ಕೋಣೆಯ ಬಾಗಿಲು ತೆರೆಯುತ್ತದೆ. ನೋಡುವವರಿಲ್ಲದಿದ್ದರೆ ಒಳಗಿನದು ಲಾರಿಯಲ್ಲಿ ಸಾಗಿಹೋಗುತ್ತದೆ. ಬಲೆಗೆ ತೊಡಕಿ ಬಂದ ತೂತಿನ ಕಲ್ಲನ್ನು ಮೊಗವೀರರು, ಬಾವಿ ತೋಡುವಾಗ ಸಿಕ್ಕ ಮಡಕೆಯ ಚೂರನ್ನು ಕುದ್ರುವಿನ ರೈತರು, ಹೊಳೆ ದಂಡೆಯಲ್ಲಿ ಕಂಡ ಹಲಗೆಯನ್ನು ಶಾಲೆಯ ಮಕ್ಕಳು ಎಸೆಯದೆ, ಸಿಕ್ಕ ಜಾಗವನ್ನೂ ಆಳವನ್ನೂ ಬರೆದಿಟ್ಟು, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಪುರಾತತ್ತ್ವ ಇಲಾಖೆಗೋ ತಿಳಿಸಬೇಕು. ಎರಡು ಸಾವಿರ ವರ್ಷ ಹೂಳು ಕಾಪಾಡಿದ್ದನ್ನು ಇನ್ನು ಮುಂದೆ ಕಾಪಾಡಬೇಕಾದವರು ಅದರ ಮೇಲೆ ಬದುಕುತ್ತಿರುವ ಜನರೇ.